ನಮ್ಮವ್ವನ ಕಥೆ ಬರೆಯೋರು ಯಾರು?

ಹೋದ ಸಭೆ ಮುಗಿದು ಜಮಖಾನ ಸುತ್ತುವಾಗ ಒಬ್ಬ ಹಾಸ್ಟೆಲ್ ಹುಡುಗ ಹತ್ತಿರ ಬಂದ. "ಅಣ್ಣಾ, ಮೈಕ್ ಸಿಕ್ಕಿದೋರೆಲ್ಲ ಓದಿ ಓದಿ ಅಂತೀರಿ. ಏನು ಓದಬೇಕು ಅಂತ ಒಬ್ಬರೂ ಹೇಳಲ್ಲ" ಅಂದ. ಅವನ ಮಾತು ನ್ಯಾಯವಾದದ್ದೇ. "ನಿಮ್ಮ ಹಾಸ್ಟೆಲ್ಲಿನಲ್ಲಿ ಏನೇನು ಪುಸ್ತಕ ಇದಾವೆ?" ಅಂತ ಕೇಳಿದೆ. ಒಂದು ಬೀರು ಇದೆಯಂತೆ. ಅದಕ್ಕೆ ಬೀಗ. ಗಾಜಿನೊಳಗಿಂದ ಕಾಣೋದು ಪರೀಕ್ಷೆಯ ಗೈಡುಗಳು, ಮತ್ತೆ ಮಹಾಪುರುಷರ ಜೀವನಚರಿತ್ರೆ ಅನ್ನೋ ತೆಳ್ಳನೆ ಪುಸ್ತಕಗಳು. ಆ ತೆಳ್ಳನೆ ಪುಸ್ತಕಗಳನ್ನು ನಾನೂ ಓದಿದೀನಿ. ಅದರಲ್ಲಿ ಎಲ್ಲರೂ ಬಡ ಆದರೆ ಸುಸಂಸ್ಕೃತ ಮನೆಯಲ್ಲಿ ಹುಟ್ಟುತ್ತಾರೆ, ಬೀದಿ ದೀಪದಲ್ಲಿ ಓದುತ್ತಾರೆ, ದೊಡ್ಡವರಾಗುತ್ತಾರೆ, ಸಾಯುತ್ತಾರೆ. ಯಾರಿಗೂ ಹೊಟ್ಟೆ ಹಸಿಯುವುದಿಲ್ಲ, ಯಾರಿಗೂ ಜಾತಿ ಇಲ್ಲ.

ಈ ಪುಟ ಆ ಹುಡುಗನಿಗೆ ಕೊಡುವ ಉತ್ತರ. ಬೇರೆ ಪುಸ್ತಕಗಳ ಮಾತು ಇನ್ನೊಮ್ಮೆ. ಇವತ್ತು ಆತ್ಮಕಥೆ ಮತ್ತು ಜೀವನಚರಿತ್ರೆಗಳಲ್ಲಿ, ಹಳೆಯದು ಹೊಸದು ಸೇರಿಸಿ, ನಾವು ಓದಲೇಬೇಕಾದ ಕೆಲವನ್ನು ಹೇಳುತ್ತೇನೆ. ಜೊತೆಗೆ ನನ್ನದೊಂದು ತಕರಾರೂ ಇದೆ. ತಕರಾರು ಪುಸ್ತಕಗಳ ಮೇಲೆ ಅಲ್ಲ, ಓದುವ ನಮ್ಮ ಮೇಲೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಮೊದಲು ನಮ್ಮ ದುರ್ಗದಿಂದಲೇ ಶುರು ಮಾಡೋಣ. ಚಿತ್ರದುರ್ಗದ ಪಾಳೆಯಗಾರರ ವಂಶಾವಳಿ ಬರೆದಿಟ್ಟಿದ್ದಾರೆ. ಯಾರ ನಂತರ ಯಾರು ಪಟ್ಟಕ್ಕೆ ಬಂದರು, ಯಾರು ಯಾರ ಮೇಲೆ ದಂಡೆತ್ತಿ ಹೋದರು ಎಲ್ಲ ಇದೆ. 1779ರಲ್ಲಿ ಕೋಟೆ ಹೈದರಾಲಿಯ ಕೈಗೆ ಹೋಯಿತು ಅನ್ನೋದೂ ಇದೆ. ಆದರೆ ಓಬವ್ವ? ಹೊಲೆಯರ ಮನೆಯ ಆ ಹೆಣ್ಣುಮಗಳ ಬಗ್ಗೆ ನಮಗೆ ಗೊತ್ತಿರುವುದು ಎಷ್ಟು? ಒಂದು ಊಟದ ಹೊತ್ತು. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಆಕೆ ನೀರಿಗೆ ಹೋಗಿದ್ದಳು, ಕಿಂಡಿಯಲ್ಲಿ ಶತ್ರುಗಳು ತೂರುವುದನ್ನು ಕಂಡಳು, ಒನಕೆ ಹಿಡಿದಳು. ಮುಗಿಯಿತು. ಆಕೆಯ ಅವ್ವ ಯಾರು, ಯಾವ ಹಟ್ಟಿಯ ಮಗಳು, ಕೋಟೆಯೊಳಗೆ ಎಷ್ಟು ಹೊಂಡಗಳ ನೀರನ್ನು ಮುಟ್ಟಲು ಆಕೆಗೆ ಬಿಡುತ್ತಿದ್ದರು, ಇದನ್ನೆಲ್ಲ ಬರೆದಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. 1972ರಲ್ಲಿ 'ನಾಗರಹಾವು' ಸಿನಿಮಾದಲ್ಲಿ ಆಕೆ ಬಂದಳು. ದುರ್ಗದ ಸ್ಟೇಡಿಯಂಗೆ ಆಕೆಯ ಹೆಸರಿದೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡುತ್ತದೆ. ಸಂತೋಷ. ಆದರೆ ಹಾರ ಹಾಕುವಾಗ ನೆನಪಿರಲಿ: ನಮ್ಮವರು ಊರಿಗಾಗಿ ಜೀವ ಪಣಕ್ಕಿಟ್ಟ ಒಂದು ಗಳಿಗೆಯನ್ನು ಮಾತ್ರ ಊರು ನೆನಪಿಟ್ಟುಕೊಂಡಿದೆ. ಉಳಿದ ಬದುಕನ್ನು ನೆನಪಿಟ್ಟುಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಿಟ್ಟಿದೆ.

ಆ ಕೆಲಸ ಹೇಗೆ ಮಾಡಬೇಕು ಅಂತ ತೋರಿಸಿದವರು ಬಾಬಾಸಾಹೇಬರು. ಅವರ 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಬರಹವನ್ನು ಮೊದಲು ಓದಿ. ಒಂದು ರಾತ್ರಿಯಲ್ಲಿ ಓದಿ ಮುಗಿಸಬಹುದು. 1930ರ ದಶಕದ ನಡುವೆ ಬರೆದದ್ದು, ಪುಸ್ತಕವಾಗಿ ಬಂದದ್ದು 1990ರಲ್ಲಿ. ಒಂಬತ್ತು ವರ್ಷದ ಭೀಮರಾವ್, ಅಣ್ಣ ಮತ್ತು ಅಕ್ಕನ ಮಗನ ಜೊತೆ ಹೊಸ ಬಟ್ಟೆ ಹಾಕಿಕೊಂಡು, 1901ರಲ್ಲಿ ಸಾತಾರದಿಂದ ಅಪ್ಪನನ್ನು ನೋಡಲು ರೈಲು ಹತ್ತುತ್ತಾನೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರ ಒಳ್ಳೆಯವನೇ, ಜಾತಿ ಗೊತ್ತಾಗುವ ತನಕ. ಮಹಾರರ ಮಕ್ಕಳು ಅಂತ ತಿಳಿದ ಕೂಡಲೇ ಮುಖ ತಿರುಗಿತು. ಯಾವ ಗಾಡಿಯವನೂ ಬರಲೊಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಮಕ್ಕಳೇ ಎತ್ತು ಹೊಡೆಯಬೇಕು, ಗಾಡಿ ಅವನದಾದರೂ ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇತ್ತು, ನೀರು ಇರಲಿಲ್ಲ. ಇಡೀ ರಾತ್ರಿ ನೀರು ಸಿಗಲಿಲ್ಲ. ಬುತ್ತಿ ಬಿಚ್ಚಿಟ್ಟುಕೊಂಡು ಉಪವಾಸ ಮಲಗಿದರು.

ನಮ್ಮ ರಾಮಗಿರಿಯಲ್ಲೂ ಒಂದು ಸಣ್ಣ ರೈಲ್ವೆ ಸ್ಟೇಷನ್ ಇದೆ. ಇದನ್ನು ಓದಿದ ಮೇಲೆ ಆ ಪ್ಲಾಟ್‌ಫಾರ್ಮ್ ಮೇಲೆ ನಿಂತಾಗಲೆಲ್ಲ ನನಗೆ ಆ ಮಕ್ಕಳು ಕಾಣುತ್ತಾರೆ. ಆದರೆ ಈ ಬರಹದಿಂದ ಕಲಿಯಬೇಕಾದದ್ದು ಕಣ್ಣೀರಲ್ಲ. ಬಾಬಾಸಾಹೇಬರು ಎಲ್ಲಿಯೂ ಅಳುವುದಿಲ್ಲ. ಯಾವ ಸ್ಟೇಷನ್, ಎಷ್ಟು ಹೊತ್ತು ಕಾದೆವು, ಗಾಡಿಯವನು ಏನಂದ, ನಾನು ಏನಂದೆ, ಎಲ್ಲವನ್ನೂ ವಕೀಲರು ಸಾಕ್ಷಿ ಬರೆಸುವ ಹಾಗೆ ಬರೆದಿದ್ದಾರೆ. ಹೊರದೇಶದಲ್ಲಿ ಓದಿ ಬಂದ ಮೇಲೆ ಬರೋಡಾದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಗೆ ಹಾಕಿದ್ದನ್ನೂ ಹಾಗೇ ಬರೆದಿದ್ದಾರೆ. ತಮ್ಮ ಕಥೆಯ ಜೊತೆಗೆ ಬೇರೆಯವರದನ್ನೂ ಸೇರಿಸಿದ್ದಾರೆ. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರ ಹೆಂಡತಿ ಬಾಣಂತಿ, ಜ್ವರ. ಡಾಕ್ಟರು ಮುಟ್ಟಲಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ಆಕೆ ಉಳಿಯಲಿಲ್ಲ. ಇದು ಒಬ್ಬ ದೊಡ್ಡ ಮನುಷ್ಯ ತನ್ನ ಹಿರಿಮೆ ಹೇಳಿಕೊಂಡ ಪುಸ್ತಕವಲ್ಲ, ದಾಖಲೆ. ಹೇಗೆ ಬರೆಯಬೇಕು ಅನ್ನುವುದಕ್ಕೆ ನಮಗೆ ಇದೇ ಮೊದಲ ಪಾಠ.

ಇನ್ನು ಕನ್ನಡಕ್ಕೆ ಬನ್ನಿ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ಕನ್ನಡದ ಮೊದಲ ದಲಿತ ಆತ್ಮಕಥನ ಅಂತ ಇದನ್ನೇ ಹೇಳುತ್ತಾರೆ. ಹೆಸರೇ ನೋಡಿ. ಸರ್ಕಾರದ ಸ್ಕಾಲರ್‌ಶಿಪ್ಪು, ಸರ್ಕಾರದ ಹಾಸ್ಟೆಲ್ಲು, ಸರ್ಕಾರದ ಸೀಟು, ನೀವೇ ಈಗ ಬ್ರಾಹ್ಮಣರಪ್ಪಾ ಅಂತ ಕಾಲೇಜಿನಲ್ಲಿ ಚುಚ್ಚುವ ಮಾತು. ಇದು ನಿಮಗೆ ಕೇಳಿಸಿಲ್ಲವೇ? ಶಬ್ದ ಬೇರೆ ಇರಬಹುದು. ಮಾರ್ಕ್ಸ್ ಕಾರ್ಡ್ ನೋಡಿ "ನಿಂಗೇನಪ್ಪಾ" ಅನ್ನುವ ಆ ನಗು ಅದೇ. ಮಾಲಗತ್ತಿ ಆ ಬೈಗುಳವನ್ನೇ ಎತ್ತಿ ಪುಸ್ತಕದ ಹಣೆಗೆ ಕಟ್ಟಿದರು. ಒಳಗೆ ಹೋದರೆ ಮುದ್ದೇಬಿಹಾಳದ ಕೇರಿ, ಹೆಣದ ಮೇಲೆ ತೂರಿದ ಕಾಸನ್ನು ಆಯಲು ಓಡುವ ಮಕ್ಕಳು, ಶಾಲೆ. 'ಬ್ರಾಹ್ಮಣ' ಅಂತ ಅವರು ಕರೆದದ್ದು ಯಾರನ್ನು ಅಂತ ಆಗ ಗೊತ್ತಾಗುತ್ತದೆ. ಗೆಳೆಯನೊಬ್ಬ ಈ ಪುಸ್ತಕವನ್ನು ಹೆಸರು ಕಾಣದ ಹಾಗೆ ಪೇಪರ್ ಕವರ್ ಹಾಕಿಕೊಂಡು ಬಸ್ಸಿನಲ್ಲಿ ಓದುತ್ತಿದ್ದ. ಕವರ್ ತೆಗೆದು ಓದು ಅಂದೆ. ತೆಗೆಯಲು ಅವನಿಗೆ ಒಂದು ವರ್ಷ ಬೇಕಾಯಿತು. ಅವನನ್ನು ನಾನು ಬೈಯುವುದಿಲ್ಲ.

ಸಿದ್ಧಲಿಂಗಯ್ಯನವರ 'ಊರು ಕೇರಿ' ನಿಮ್ಮಲ್ಲಿ ಕೆಲವರಾದರೂ ಓದಿರುತ್ತೀರಿ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದವರು, 2021ರ ಜೂನ್ 11ರಂದು ಕೊರೋನಾದಲ್ಲಿ ನಮ್ಮನ್ನು ಬಿಟ್ಟು ಹೋದರು. ಹೋರಾಟದ ಹಾಡುಗಳಲ್ಲಿ ಬೆಂಕಿ ಉಗುಳಿದ ಕವಿ ತನ್ನ ಕಥೆ ಹೇಳುವಾಗ ನಗಿಸುತ್ತಾರೆ. ಎತ್ತಿನ ಬದಲು ಮನುಷ್ಯರನ್ನೇ ನೊಗಕ್ಕೆ ಕಟ್ಟಿ ಹೂಡುತ್ತಿರುವುದನ್ನು ಹುಡುಗ ನೋಡುತ್ತಾನೆ. ಅವನಿಗೆ ಅದೊಂದು ಮೋಜು. ಆ ನೊಗದಲ್ಲಿದ್ದವನೊಬ್ಬ ಅವನ ಅಪ್ಪ. ಇಷ್ಟನ್ನು ಒಂದು ಬೈಗುಳವಿಲ್ಲದೆ ಹೇಳಿ ಮುಂದೆ ಹೋಗಿಬಿಡುತ್ತಾರೆ. ಹಾಸ್ಟೆಲ್ಲಿನ ಗಲಾಟೆ, ಸುಡುಗಾಡಿನಲ್ಲಿ ಕೂತು ಓದಿದ್ದು, ಭಾಷಣಕ್ಕೆ ಓಡಿದ್ದು ಎಲ್ಲವನ್ನೂ ಹರಟೆ ಹೊಡೆದ ಹಾಗೆ ಹೇಳುತ್ತಾರೆ. "ಇಷ್ಟು ನಗಬಾರದಿತ್ತು, ಸಿಟ್ಟು ಕರಗಿಹೋಯಿತು" ಅಂತ ನಮ್ಮಲ್ಲೇ ಕೆಲವರು ಆಕ್ಷೇಪಿಸಿದರು. ಡಿ.ಆರ್. ನಾಗರಾಜರು ಮಾತ್ರ ಬಡವರ ಈ ನಗುವನ್ನು ಶಕ್ತಿ ಅಂತಲೇ ಗುರುತಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಹಟ್ಟಿಯಲ್ಲಿ ಸಾವಿನ ಮನೆಯಲ್ಲೂ ಒಬ್ಬ ನಗಿಸುವವನಿರುತ್ತಾನೆ. ಅವನಿಲ್ಲದಿದ್ದರೆ ನಾವು ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಸಿಟ್ಟು ಇಲ್ಲದೆ ನಕ್ಕಿದ್ದಾರೋ, ಸಿಟ್ಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಕ್ಕಿದ್ದಾರೋ ಓದಿ ನೀವೇ ತೀರ್ಮಾನ ಮಾಡಿ.

ಪಕ್ಕದ ತುಮಕೂರು ಜಿಲ್ಲೆಯ ತುಂಬಾಡಿ ರಾಮಯ್ಯನವರ 'ಮಣೆಗಾರ' ಇದೆ. ಬೆಂಗಳೂರು, ಮೈಸೂರಿನ ಭಾಷೆ ನಾಲಿಗೆಗೆ ಹತ್ತದಿದ್ದವರು ಇದನ್ನು ಹಿಡಿಯಿರಿ, ನಮ್ಮ ಸೀಮೆಯ ಮಾತು ಕೇಳಿಸುತ್ತದೆ. ಈಚಿನ ವರ್ಷಗಳಲ್ಲಿ ಬಂದದ್ದು ಮೊಗಳ್ಳಿ ಗಣೇಶ್ ಅವರ 'ನಾನೆಂಬುದು ಕಿಂಚಿತ್ತು'. ಇದು ಸುಲಭದ ಪುಸ್ತಕವಲ್ಲ. ಊರಿನ ಕ್ರೌರ್ಯ ಹೇಳುವವರು ಬಹಳ ಜನ. ಮೊಗಳ್ಳಿ ಮನೆಯೊಳಗಿನ ಕ್ರೌರ್ಯವನ್ನೂ ಮುಚ್ಚಿಡಲಿಲ್ಲ. ಹೊರಗೆ ಒದೆ ತಿಂದು ಬಂದ ಗಂಡಸು ಒಳಗೆ ಯಾರನ್ನು ಒದೆಯುತ್ತಾನೆ ಅನ್ನುವ ಪ್ರಶ್ನೆಯನ್ನು ನಾವು ಸಭೆಗಳಲ್ಲಿ ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳಬೇಕು.

ಆ ಪ್ರಶ್ನೆ ಬಂದಿತಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ ಹೆಸರುಗಳನ್ನು ಇನ್ನೊಮ್ಮೆ ನೋಡಿ. ಎಲ್ಲರೂ ಗಂಡಸರು. ಬಹುತೇಕ ಎಲ್ಲರೂ ಓದಿ ಮೇಲೆ ಬಂದವರು. ಅವರ ಪುಸ್ತಕಗಳಲ್ಲಿ ಅವ್ವ ಇದ್ದಾಳೆ. ಕೂಲಿಗೆ ಹೋಗುತ್ತಾಳೆ, ಮಗನಿಗೆ ಗಂಜಿ ಉಳಿಸುತ್ತಾಳೆ, ಫೀಸಿಗೆ ಓಲೆ ಮಾರುತ್ತಾಳೆ. ಆದರೆ ಆಕೆಯ ಬಾಯಿಂದ ಆಕೆಯ ಕಥೆ ಬರುವುದಿಲ್ಲ. ಕನ್ನಡದಲ್ಲಿ ದಲಿತ ಹೆಣ್ಣುಮಕ್ಕಳೇ ಬರೆದ ಆತ್ಮಕಥನಗಳನ್ನು ಎಣಿಸಲು ಒಂದು ಕೈಯ ಬೆರಳು ಹೆಚ್ಚಾಗುತ್ತವೆ. ಇದು ನಾಚಿಕೆ ಪಡಬೇಕಾದ ಲೆಕ್ಕ.

ಮರಾಠಿಯಲ್ಲಿ ಏನಾಯಿತು ನೋಡಿ. 1978ರಲ್ಲಿ ದಯಾ ಪವಾರರ 'ಬಲುತ' ಬಂತು. ಬಲುತ ಅಂದರೆ ಊರಿನ ಚಾಕರಿಗೆ ಮಹಾರರಿಗೆ ಕೊಡುತ್ತಿದ್ದ ಕಾಳಿನ ಪಾಲು, ನಮ್ಮ ಕಡೆಯ ಆಯ ಇದ್ದ ಹಾಗೆ. ಅದು ಬಂದ ಮೇಲೆ ಮಹಾರಾಷ್ಟ್ರದಲ್ಲಿ ಆತ್ಮಕಥೆಗಳ ಸಾಲೇ ಹೊರಟಿತು. 1986ರಲ್ಲಿ ಬೇಬಿ ಕಾಂಬಳೆಯವರ 'ಜಿಣ ಆಮುಚ' ಪುಸ್ತಕವಾಗಿ ಬಂತು. ಸಾತಾರ ಜಿಲ್ಲೆಯ ಫಲ್ಟಣದಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ಸಾಮಾನು ಕಟ್ಟಲು ತಂದ ಹಳೇ ಪೇಪರುಗಳನ್ನು ಓದುತ್ತ ಓದುತ್ತ ಬರೆಯಲು ಕೂತರು. ಬರೆದದ್ದನ್ನು ಗಂಡನ ಕಣ್ಣಿಗೆ ಬೀಳದ ಹಾಗೆ ವರ್ಷಗಟ್ಟಲೆ ಮುಚ್ಚಿಟ್ಟರು. ಪುಸ್ತಕದ ಹೆಸರಿನ ಅರ್ಥ 'ನಮ್ಮ ಬದುಕು'. ನನ್ನ ಬದುಕು ಅಲ್ಲ, ನಮ್ಮದು. ಊರು ಕೊಟ್ಟ ಏಟನ್ನೂ ಬರೆದರು, ಮನೆಯಲ್ಲಿ ಗಂಡ ಮತ್ತು ಅತ್ತೆ ಕೊಟ್ಟ ಏಟನ್ನೂ ಬರೆದರು. ಬಾಬಾಸಾಹೇಬರ ಮಾತು ಕೇಳಿ ಕೇರಿಯ ಹೆಂಗಸರು ಹೇಗೆ ಎದ್ದು ನಿಂತರು ಅನ್ನುವುದನ್ನೂ ಬರೆದರು. 2008ರಲ್ಲಿ ಮಾಯಾ ಪಂಡಿತ್ ಇದನ್ನು ಇಂಗ್ಲಿಷಿಗೆ ತಂದರು. ಇಂಗ್ಲಿಷ್ ಕಷ್ಟ ಅಂತ ಹೆದರಬೇಡಿ. ಇಬ್ಬರು ಮೂವರು ಕೂತು ಡಿಕ್ಷನರಿ ಇಟ್ಟುಕೊಂಡು ದಿನಕ್ಕೆ ಎರಡು ಪುಟ ಓದಿ. ಇಂಗ್ಲಿಷೂ ಬರುತ್ತದೆ, ಪುಸ್ತಕವೂ ಬರುತ್ತದೆ.

ಕನ್ನಡದಲ್ಲಿ ಇನ್ನೊಂದು ದಾರಿ ತೋರಿಸಿದ ಪುಸ್ತಕ ಮಂಜಮ್ಮ ಜೋಗತಿಯವರ 'ನಡುವೆ ಸುಳಿವ ಹೆಣ್ಣು'. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿದ ಜೋಗತಿ. ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು, 2021ರಲ್ಲಿ ಪದ್ಮಶ್ರೀ ಪಡೆದವರು. ಅವರು ಹೇಳಿದರು, ಅರುಣ್ ಜೋಳದಕೂಡ್ಲಿಗಿ ಬರೆದುಕೊಂಡರು. ಹಾಗೆಯೇ ಎ. ರೇವತಿಯವರ 'ಬದುಕು ಬಯಲು' ಪುಸ್ತಕವನ್ನು ದು. ಸರಸ್ವತಿ ಕನ್ನಡಕ್ಕೆ ತಂದಿದ್ದಾರೆ. ನಮ್ಮ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ನೋಡಿ ನಗುತ್ತಾರೋ ಅವರ ಬದುಕು ಅದು. ಊರು ನಮ್ಮನ್ನು ಹೇಗೆ ನೋಡಿತೋ ನಾವು ಅವರನ್ನು ಹಾಗೇ ನೋಡಿದೆವು. ಓದಿದರೆ ನಗು ನಿಲ್ಲುತ್ತದೆ. ಮಂಜಮ್ಮನವರ ಪುಸ್ತಕದ ರೀತಿಯನ್ನು ಗಮನಿಸಿ. ಬದುಕಿದವರು ಹೇಳುತ್ತಾರೆ, ಅಕ್ಷರ ಬಲ್ಲವರು ಬರೆಯುತ್ತಾರೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಜೀವನಚರಿತ್ರೆಗಳು. ಬಾಬಾಸಾಹೇಬರ ಫೋಟೋ ಪ್ರತಿ ಹಾಸ್ಟೆಲ್ಲಿನಲ್ಲೂ ಇದೆ. ಏಪ್ರಿಲ್ 14ಕ್ಕೆ ಹಾರ, ಬ್ಯಾನರು, ಸೌಂಡ್ ಸಿಸ್ಟಂ ಎಲ್ಲ ಇದೆ. ಅವರ ಜೀವನಚರಿತ್ರೆಯನ್ನು ಪೂರ್ತಿ ಓದಿದವರು ಕೈಯೆತ್ತಿ ಅಂದರೆ ಎಷ್ಟು ಕೈ ಏಳುತ್ತವೆ? ಧನಂಜಯ ಕೀರರು ಬರೆದದ್ದು ಬಾಬಾಸಾಹೇಬರು ಬದುಕಿದ್ದಾಗಲೇ, 1954ರಲ್ಲಿ ಬಂತು. ಇವತ್ತಿಗೂ ಅದೇ ಬುನಾದಿ. ಹೊಸದರಲ್ಲಿ 2023ರಲ್ಲಿ ಬಂದ ಅಶೋಕ್ ಗೋಪಾಲ್ ಅವರ 'ಎ ಪಾರ್ಟ್ ಅಪಾರ್ಟ್' ಇದೆ. ಬಾಬಾಸಾಹೇಬರ ಮರಾಠಿ ಬರಹ ಭಾಷಣಗಳನ್ನು ಚೆನ್ನಾಗಿ ಬಳಸಿಕೊಂಡ ದೊಡ್ಡ ಪುಸ್ತಕ. 2024ರಲ್ಲಿ ಆನಂದ ತೇಲ್ತುಂಬ್ಡೆಯವರ 'ಐಕನೋಕ್ಲಾಸ್ಟ್' ಬಂತು. ಇದು ಭಜನೆ ಮಾಡುವ ಪುಸ್ತಕವಲ್ಲ, ಬಾಬಾಸಾಹೇಬರ ತೀರ್ಮಾನಗಳನ್ನೂ ಪ್ರಶ್ನೆಗೆ ಒಡ್ಡುತ್ತದೆ. ಓದಿ ಸಿಟ್ಟು ಬಂದರೆ ಬರಲಿ, ಉತ್ತರ ಹುಡುಕಿ. ಪ್ರಶ್ನೆ ಮಾಡದೆ ಕೈ ಮುಗಿಯುವುದನ್ನು ಅವರು ನಮಗೆ ಕಲಿಸಲಿಲ್ಲ. ಸವಿತಾ ಅಂಬೇಡ್ಕರ್ ಅವರ ನೆನಪುಗಳು 1990ರಲ್ಲಿ ಮರಾಠಿಯಲ್ಲಿ, 2022ರಲ್ಲಿ ಇಂಗ್ಲಿಷಿನಲ್ಲಿ ಬಂದವು. ಅದರಲ್ಲಿ ಕಾಣುವವರು ಸಕ್ಕರೆ ಕಾಯಿಲೆಯಿಂದ ನರಳುತ್ತಾ ರಾತ್ರಿಯೆಲ್ಲ ಕೂತು ಬರೆಯುವ ಮನುಷ್ಯ. ಗೋಡೆಯ ಮೇಲಿನ ಫೋಟೋಗಿಂತ ಆ ಮನುಷ್ಯ ನಮಗೆ ಹತ್ತಿರ.

ದೂರದ ಮಾತು ಬೇಡ, ನಮ್ಮ ಜಿಲ್ಲೆಯನ್ನೇ ನೋಡಿ. ಹರಿಹರ ಈಗ ದಾವಣಗೆರೆ ಜಿಲ್ಲೆ. 1997ರ ತನಕ ಅದು ನಮ್ಮ ಚಿತ್ರದುರ್ಗ ಜಿಲ್ಲೆಯೇ. ಆ ಒಂದು ಊರು ಕರ್ನಾಟಕದ ದಲಿತರಿಗೆ ಇಬ್ಬರನ್ನು ಕೊಟ್ಟಿತು. ಒಬ್ಬರು ಬಿ. ಬಸವಲಿಂಗಪ್ಪ. ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಊರು ಹೊತ್ತಿ ಉರಿಯಿತು. ಮಂತ್ರಿ ಪದವಿ ಹೋಯಿತು. ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಆ ಪೆಟ್ಟಿನಿಂದಲೇ ಚಳವಳಿ ಎದ್ದಿತು. ಇನ್ನೊಬ್ಬರು ಪ್ರೊ. ಬಿ. ಕೃಷ್ಣಪ್ಪ. 1938ರಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಾ, 70ರ ದಶಕದ ನಡುವೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರು. 1997ರ ಏಪ್ರಿಲ್ 30ರಂದು ತೀರಿಕೊಂಡರು. ಇವರಿಬ್ಬರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ. ಓದುವಾಗ ಒಂದು ಕೆಲಸ ಮಾಡಿ. ನಮ್ಮ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಹಟ್ಟಿಗಳಲ್ಲಿ ಇವರ ಭಾಷಣ ಕೇಳಿದ, ಇವರ ಜೊತೆ ಜಾಥಾದಲ್ಲಿ ನಡೆದ ಮುದುಕರು ಯಾರಾದರೂ ಇದ್ದಾರಾ ಅಂತ ವಿಚಾರಿಸಿ. ಇದ್ದರೆ ಹೋಗಿ ಅವರ ಪಕ್ಕ ಕೂತುಕೊಳ್ಳಿ. ಪುಸ್ತಕದಲ್ಲಿ ಇರದ ಪುಟಗಳು ಅಲ್ಲಿವೆ.

ಇಷ್ಟು ಹೇಳಿದಾಗ ಹುಡುಗರು ಎರಡು ಮಾತು ಎತ್ತುತ್ತಾರೆ. ಒಂದು: "ಅಣ್ಣಾ, ಕೆಲಸದ ಪರೀಕ್ಷೆಗೆ ಓದೋದೇ ಬೆಟ್ಟದಷ್ಟಿದೆ, ಕಥೆ ಓದುತ್ತಾ ಕೂತ್ಕೊಂಡ್ರೆ ಹೊಟ್ಟೆ ತುಂಬುತ್ತಾ?" ತುಂಬಲ್ಲ. ಪರೀಕ್ಷೆಗೆ ಓದಿ, ಕೆಲಸ ಹಿಡಿಯಿರಿ, ಅದೂ ಹೋರಾಟವೇ. ಆದರೆ ಕೆಲಸ ಹಿಡಿದ ಮೇಲೆ ಆಫೀಸಿನಲ್ಲಿ 'ಗೌರ್ಮೆಂಟ್ ಬ್ರಾಹ್ಮಣ' ಅನ್ನುವ ನಗು ಎದುರಾದಾಗ ಗೈಡಿನಲ್ಲಿ ಉತ್ತರ ಇರುವುದಿಲ್ಲ.

ಎರಡನೇ ಮಾತು ಬಾಯಿ ಬಿಟ್ಟು ಹೇಳುವುದಿಲ್ಲ, ಮುಖದಲ್ಲಿ ಕಾಣುತ್ತದೆ. "ಇಂಥ ಪುಸ್ತಕ ಹಿಡಿದರೆ ಜಾತಿ ಗೊತ್ತಾಗಿಬಿಡುತ್ತೆ." ಈ ಹೆದರಿಕೆ ಸುಳ್ಳಲ್ಲ. ಪಟ್ಟಣದಲ್ಲಿ ಬಾಡಿಗೆ ರೂಮು ಕೇಳಿದವರಿಗೆ ಗೊತ್ತು. ಯಾಶಿಕಾ ದತ್ ಅನ್ನುವ ಪತ್ರಕರ್ತೆ ವ಼ರ್ಷಾನುಗಟ್ಟಲೆ ಜಾತಿ ಮುಚ್ಚಿಟ್ಟುಕೊಂಡೇ ಬದುಕಿದವರು. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ, ಹಾಸ್ಟೆಲ್ಲಿನಿಂದ ಹೊರಹಾಕಿಸಿಕೊಂಡಿದ್ದ ರೋಹಿತ್ ವೇಮುಲ ಹೋದ. ಅವನ ಕೊನೆಯ ಪತ್ರ ಓದಿದ ಮೇಲೆ ಆಕೆ ತಾನು ದಲಿತಳು ಅಂತ ಲೋಕಕ್ಕೆ ಹೇಳಿದರು. 2019ರಲ್ಲಿ 'ಕಮಿಂಗ್ ಔಟ್ ಆ್ಯಸ್ ದಲಿತ್' ಅನ್ನುವ ಪುಸ್ತಕ ಬರೆದರು. ಗೆಳೆಯರೇ, ರೋಹಿತನ ಪತ್ರವನ್ನು ನಾವೆಲ್ಲ ಓದಿ ಅತ್ತೆವು. ಆದರೆ ನಮಗೆ ಬೇಕಾಗಿದ್ದದ್ದು ಅವನ ಪತ್ರವಲ್ಲ. ಎಪ್ಪತ್ತು ವರ್ಷ ಬದುಕಿ, ತಲೆ ನರೆತು, ಮೂರು ಭಾಗದಲ್ಲಿ ಬರೆದ ಅವನ ಆತ್ಮಕಥೆ ಬೇಕಾಗಿತ್ತು. ನಿಮ್ಮಲ್ಲಿ ಯಾರಿಗಾದರೂ ಎದೆ ಭಾರವಾದರೆ ಒಬ್ಬರೇ ಕೂರಬೇಡಿ. ಪಕ್ಕದ ರೂಮಿನ ಬಾಗಿಲು ತಟ್ಟಿ. ನಡುರಾತ್ರಿಯಾದರೂ ತಟ್ಟಿ.

ಈಗ ಆ ತಕರಾರು. ಬೇಬಿ ಕಾಂಬಳೆಯವರ ಪುಸ್ತಕ ಮುಗಿಸಿದ ರಾತ್ರಿ ನನಗೆ ಹುರುಪು ಬಂತು. ನಮ್ಮವ್ವನ ಕಥೆಯನ್ನು ನಾನೇ ಬರೆಯುತ್ತೇನೆ ಅಂತ ಕೂತೆ. ಹನ್ನೊಂದು ಸಾಲು ಬರೆದೆ. ಮುಂದೆ ಬರೆಯಲು ಏನೂ ಇರಲಿಲ್ಲ. ಆಕೆಯ ತವರು ಗೊತ್ತು, ಹುಟ್ಟಿದ ವರ್ಷ ಗೊತ್ತಿಲ್ಲ. ಮದುವೆಯಾದಾಗ ವಯಸ್ಸೆಷ್ಟು, ಗೊತ್ತಿಲ್ಲ. ಮೊದಲ ದಿನದ ಕೂಲಿ ಎಷ್ಟು, ಗೊತ್ತಿಲ್ಲ. ನನಗಿಂತ ಮುಂಚೆ ಎಷ್ಟು ಮಕ್ಕಳು ಹೋದವು, ಗೊತ್ತಿಲ್ಲ. ಪಾಳೆಯಗಾರರ ಹೆಸರುಗಳನ್ನು ಸಾಲಾಗಿ ಹೇಳಬಲ್ಲ ನನಗೆ ನನ್ನ ಅವ್ವನ ಬಗ್ಗೆ ಗೊತ್ತಿದ್ದದ್ದು ಹನ್ನೊಂದು ಸಾಲು!

ಊರಿಗೆ ಹೋಗಿ ಕೇಳಿದೆ. "ಯವ್ವಾ, ನೀನು ಹುಟ್ಟಿದ ವರ್ಷ ಯಾವುದು?"

"ಯಾಕಪ್ಪಾ, ರೇಷನ್ ಕಾರ್ಡಿಗಾ?" ಅಂದಳು.

ಬರೆಯೋಕೆ ಅಂದೆ. ನಕ್ಕಳು. "ನಂದೇನೈತೋ ಬರ್ಯಾಕೆ. ಕೂಲಿ ಮಾಡ್ದೆ, ನಿಮ್ಮನ್ನ ಸಾಕ್ದೆ. ಮುಗೀತು."

ಮೂರು ಸಂಜೆ ಹೀಗೇ ಆಯಿತು. ಅಡಿಕೆ ಸುಲಿದು ಬಂದು ಕೈ ತೊಳೆದು ಒಲೆ ಮುಂದೆ ಕೂತರೆ ನಾನೂ ಪಕ್ಕ ಕೂರುತ್ತಿದ್ದೆ. ನಾಲ್ಕನೇ ಸಂಜೆ ನೀರಿನ ಮಾತು ಬಂತು. ಹಟ್ಟಿಯಲ್ಲಿ ಆಗ ಬೋರ್‌ವೆಲ್ ಇರಲಿಲ್ಲ. ಊರ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು ದೂರ ನಿಲ್ಲಬೇಕು, ಮೇಲಿನವರು ಯಾರಾದರೂ ಬಂದು ಸೇದಿ ಹುಯ್ಯಬೇಕು.

"ಎಷ್ಟು ಹೊತ್ತು ಕಾಯ್ತಿದ್ದೆ?"

"ಹೊತ್ತು ಯಾರು ನೋಡ್ತಿದ್ರು? ನೀನು ಹಸ್ಕಂಡು ಅತ್ತು ಅತ್ತು ಸಾಕಾಗಿ ಮಲಗಿರ್ತಿದ್ದೆ. ಅಷ್ಟು ಹೊತ್ತು."

ಸ್ವಲ್ಪ ಸುಮ್ಮನಿದ್ದು ಆಮೇಲೆ ಹೇಳಿದಳು. ಒಂದು ದಿನ ಮಟಮಟ ಮಧ್ಯಾಹ್ನ, ಬಾವಿ ಹತ್ತಿರ ನರಪಿಳ್ಳೆ ಇಲ್ಲ. ಹಗ್ಗ ಅಲ್ಲೇ ಬಿದ್ದಿತ್ತು. ತಾನೇ ಇಳಿಬಿಟ್ಟು ಸೇದಿದಳು. ಕೊಡ ತುಂಬಿಸಿದಳು. ಹಗ್ಗ ಇದ್ದ ಹಾಗೇ ಇಟ್ಟು ಬಂದಳು. ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತು ಅಂತ ಆಕೆಗೂ ಗೊತ್ತು, ನನಗೂ ಗೊತ್ತು. ಇದನ್ನು ಯಾರಿಗೂ ಹೇಳಿರಲಿಲ್ಲವಂತೆ, ನಮ್ಮಪ್ಪನಿಗೂ.

"ಕುಡಿದ್ಯೇನವ್ವಾ?"

"ಕುಡೀದೆ ಇರ್ತೀನಾ? ಮೂರು ಬೊಗಸೆ ಕುಡ್ದೆ. ಅದೇ ನೀರು ಕಣೋ. ಬ್ಯಾರೆ ರುಚಿ ಏನಿರ್ಲಿಲ್ಲ."

ಮಹಾಡದ ಚೌಡಾರ ಕೆರೆಯ ನೀರನ್ನು ಬಾಬಾಸಾಹೇಬರು 1927ರಲ್ಲಿ ಮುಟ್ಟಿದ್ದನ್ನು ನಾನು ಎಷ್ಟು ಸಭೆಗಳಲ್ಲಿ ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ಅಕ್ಷರ ಬಾರದ ನಮ್ಮವ್ವ ನಮ್ಮೂರಿನಲ್ಲೇ ಅದೇ ಕೆಲಸ ಮಾಡಿ ಸುಮ್ಮನಿದ್ದದ್ದು ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ, ಅದಕ್ಕೆ ಗೊತ್ತಿರಲಿಲ್ಲ.

ತಕರಾರು ಇಷ್ಟೇ. ನಾವು ಬೇರೆಯವರ ಆತ್ಮಕಥೆ ಓದಿ ಅಳುತ್ತೇವೆ, ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ, ಮನೆಗೆ ಹೋಗಿ ಅವ್ವನಿಗೆ "ಊಟಕ್ಕೆ ಏನೈತೆ" ಅಂತ ಮಾತ್ರ ಕೇಳುತ್ತೇವೆ. ಎರಡು ಲೋಟದ ಹೋಟೆಲ್ಲು, ಜೀತದ ಮನೆ, ಬರಗಾಲದ ಮಣ್ಣು ಹೊರುವ ಕೆಲಸ ಇದನ್ನೆಲ್ಲ ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು, ಎಂಬತ್ತು. 1976ರ ಜೀತ ನಿರ್ಮೂಲನ ಕಾಯಿದೆಯ ಪಾಠ ಪುಸ್ತಕದಲ್ಲಿದೆ. ಜೀತದಿಂದ ಬಿಡಿಸಿಕೊಂಡು ಬಂದ ಮುದುಕ ನಿಮ್ಮ ಹಟ್ಟಿಯ ಜಗುಲಿ ಮೇಲೆ ಕೂತಿರಬಹುದು. ಅವನು ಹೋದರೆ ಆ ಪುಟವೂ ಹೋಗುತ್ತದೆ. ಆಮೇಲೆ ಅಂಥದ್ದೇನೂ ನಮ್ಮೂರಲ್ಲಿ ನಡೆದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಿಮ್ಮ ಕೈಯಲ್ಲಿ ಏನಿರುತ್ತದೆ?

ಅದಕ್ಕೆ ಈ ರಜೆಗೆ ಒಂದು ಕೆಲಸ. ಪ್ರತಿಯೊಬ್ಬರೂ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹಟ್ಟಿಯಲ್ಲಿ ಒಬ್ಬ ಹಿರಿಯ ಹೆಂಗಸು, ಒಬ್ಬ ಹಿರಿಯ ಗಂಡಸು, ಇಬ್ಬರ ಹತ್ತಿರ ಕೂತುಕೊಳ್ಳಿ. ಮೊದಲು ಹೆಂಗಸು. ಹೊಲೆಯರ ಹುಡುಗ ಮಾದಿಗರ ಹಟ್ಟಿಗೂ ಹೋಗಲಿ, ಮಾದಿಗರ ಹುಡುಗ ಹೊಲೆಯರ ಹಟ್ಟಿಗೂ ಹೋಗಲಿ. ನಮ್ಮ ನಮ್ಮಲ್ಲೇ ಯಾರು ಯಾರ ಮನೆಯಲ್ಲಿ ಉಣ್ಣುತ್ತಿರಲಿಲ್ಲ ಅನ್ನುವುದನ್ನೂ ಕೇಳಿ ಬರೆಯಿರಿ, ಮುಚ್ಚಿಡಬೇಡಿ. ಕಷ್ಟ ಏನು ಅಂತ ಕೇಳಬೇಡಿ, ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ. ನೀರು ಎಲ್ಲಿಂದ ತರುತ್ತಿದ್ರಿ, ಕೂಲಿ ಎಷ್ಟು ಸೇರು, ಯಾರು ಅಳೆದು ಕೊಡ್ತಿದ್ರು, ಮದುವೆಗೆ ಯಾವ ಸೀರೆ, ಹೆರಿಗೆ ಯಾರು ಮಾಡಿಸಿದ್ರು, ಯಾವ ದಿನ ನಕ್ಕಿದ್ರಿ ಅಂತ ಕೇಳಿ. ಅವರ ಮಾತನ್ನು ನಿಮ್ಮ ಕಾಲೇಜಿನ ಕನ್ನಡಕ್ಕೆ ತಿದ್ದಬೇಡಿ. 'ಐತೆ' ಅಂದರೆ 'ಐತೆ' ಅಂತಲೇ ಬರೆಯಿರಿ. ಬರೆದದ್ದನ್ನು ಅವರ ಮುಂದೆ ಓದಿ ಹೇಳಿ. ಇದು ಬೇಡ ಅಂದರೆ ಹೊಡೆದುಹಾಕಿ, ಬದುಕು ಅವರದು. ಮೊಬೈಲಿನಲ್ಲಿ ದನಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

ಮುಂದಿನ ಸಭೆಗೆ ಬರುವಾಗ ಆ ನೋಟ್‌ಬುಕ್ ತನ್ನಿ. ಭಾಷಣ ಅರ್ಧ ಗಂಟೆ ಕಡಿಮೆ ಮಾಡಿ ಅದನ್ನೇ ಓದಿಸೋಣ.

ನನ್ನ ಹನ್ನೊಂದು ಸಾಲು ಈಗ ನಲವತ್ತು ಪುಟವಾಗಿದೆ. ಅವ್ವ ಹುಟ್ಟಿದ ವರ್ಷ ಇನ್ನೂ ಸಿಕ್ಕಿಲ್ಲ.

ಜೈಭೀಮ್.

- ಒಬ್ಬ ಹಳೇ ಹಾಸ್ಟೆಲ್ ಹುಡುಗ, ರಾಮಗಿರಿ